ಆಲ್ಬಮ್ಮಿಗೆಂದೇ ಅಚ್ಚಾದ ಹಣ

1914ರಲ್ಲಿ ಮಹಾಯುದ್ಧ ಶುರುವಾದದ್ದೇ ತಡ, ಜರ್ಮನಿಯ ಜನ ನಾಣ್ಯಗಳನ್ನು ಬಚ್ಚಿಟ್ಟರು. ಮುಂದೆ ತಾಮ್ರ, ನಿಕ್ಕಲ್‌ಗಳೂ ಮದ್ದುಗುಂಡಿನ ಪಾಲಾದವು. ಚಿಲ್ಲರೆಯಿಲ್ಲದೆ ವ್ಯಾಪಾರ ನಿಂತಾಗ ಪುರಸಭೆಗಳು, ಕಾರ್ಖಾನೆಗಳು ತಾವೇ ಕಾಗದದ ಚೀಟಿ ಅಚ್ಚು ಹಾಕಿದವು. ಅದೇ ‘ನೋಟ್‌ಗೆಲ್ಡ್’, ಅಂದರೆ ಆಪತ್ತಿನ ಹಣ. ಮೊದಮೊದಲ ಚೀಟಿಗಳಲ್ಲಿ ಹೆಚ್ಚೇನೂ ಇರುತ್ತಿರಲಿಲ್ಲ: ಊರಿನ ಹೆಸರು, ಮೊತ್ತ, ಮುದ್ರೆ, ಸಹಿ.

ಯುದ್ಧ ಮುಗಿದ ಮೇಲೆ ಈ ಚೀಟಿಗಳಿಗೆ ಬಣ್ಣ ಬಂತು. ಸಂಗ್ರಾಹಕ ಕೊಂಡ ಚೀಟಿ ನಗದಿಗಾಗಿ ವಾಪಸು ಬರುವುದಿಲ್ಲ, ಅದು ತೀರಿಸಬೇಕಿಲ್ಲದ ಸಾಲ ಎಂಬುದು ಊರುಗಳಿಗೆ ಹೊಳೆದಿತ್ತು. ಹಾಮೆಲ್ನ್ ತನ್ನ ಕಿಂದರಿಜೋಗಿಯನ್ನು ಅಚ್ಚು ಹಾಕಿತು. ಬೀಲೆಫೆಲ್ಡ್ ರೇಷ್ಮೆಯ ಮೇಲೇ ನೋಟು ಮುದ್ರಿಸಿತು. 1921ರ ‘ರಾಯ್ಟರ್‌ಗೆಲ್ಡ್’ ಮಾಲಿಕೆಯಲ್ಲಿ ಮೆಕ್ಲೆನ್‌ಬುರ್ಗ್ ಸೀಮೆಯ 70 ಊರುಗಳು 10, 25, 50 ಫೆನಿಗ್‌ಗಳ ಚೀಟಿ ತಂದವು. ಅವುಗಳ ಮೇಲೆ ಆ ನೆಲದ ಲೇಖಕ ಫ್ರಿಟ್ಸ್ ರಾಯ್ಟರ್‌ನ ನೆನಪಿನಲ್ಲಿ ಕೆಳ ಜರ್ಮನ್ ನುಡಿಯ ಸಾಲುಗಳು. ಶಾಲೆ, ಕಚೇರಿಗಳಿಂದ ಹೊರಗುಳಿದು ಮನೆಮಾತಾಗಿದ್ದ ಭಾಷೆಗೆ ಹಣದ ಮೇಲೆ ಜಾಗ ಸಿಕ್ಕಿತ್ತು.

ಈ ಚಿತ್ರಚೀಟಿಗಳನ್ನೇ ನೋಟ್‌ಗೆಲ್ಡ್‌ನ ಶಿಖರ ಎನ್ನುವವರಿದ್ದಾರೆ. ನಾನು ಒಪ್ಪಲಾರೆ. ನೋಟು ಎಂಬುದು ಒಂದೇ ವಾಕ್ಯದ ಕೃತಿ: ತಂದವರಿಗೆ ಇಷ್ಟು ಕೊಡುತ್ತೇವೆ. ಆ ಮಾತು ನಡೆಯುವುದರಲ್ಲೇ ಅದರ ಸೊಗಸಿದೆ. 1914ರ ಒರಟು ಚೀಟಿಯಲ್ಲಿ ಒಂದು ಪದವೂ ಸುಮ್ಮನೆ ಕೂತಿಲ್ಲ. ಬ್ರೆಡ್ಡು ಕೊಂಡು, ಕೈ ಬದಲಾಗಿ, ಮಾಸಿ, ಹರಿದು ಹೋಯಿತು. ರಾಯ್ಟರ್ ಚೀಟಿಯ ಭಾಷೆ ಚೆಂದ. ಆದರೆ ಅದನ್ನು ಅಚ್ಚು ಹಾಕಿದ್ದೇ ಬಹುಮಟ್ಟಿಗೆ ಆಲ್ಬಮ್ಮಿಗಾಗಿ. ಮನೆಮಾತಿಗೆ ಮರ್ಯಾದೆ ಸಿಕ್ಕಿದ್ದು ಹಣ ಚಲಾವಣೆ ಮರೆತ ಹೊತ್ತಿನಲ್ಲಿ.

ಆಲ್ಬಮ್ಮಿನ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. ಗರಿಗರಿಯಾಗಿ ಉಳಿದದ್ದರಿಂದಲೇ ಆ ಸಾಲುಗಳು ಇಂದಿಗೂ ಓದಲು ಸಿಗುತ್ತವೆ. ಆದರೆ ಉಳಿಯುವುದು ಬೇರೆ, ನಡೆಯುವುದು ಬೇರೆ.

ನಮ್ಮ ರೂಪಾಯಿ ನೋಟಿನ ಹಿಂಬದಿಯ 15 ಭಾಷೆಗಳ ಪಟ್ಟಿಯಲ್ಲಿ ಕನ್ನಡ ನಾಲ್ಕನೆಯದು. ಅದನ್ನು ಕಂಡು ಹಿಗ್ಗುವ ಹೊರನಾಡಿನ ನಾವು ಕನ್ನಡವನ್ನು ನವೆಂಬರಿನ ವೇದಿಕೆಗೆ ಮಡಿಕೆ ಬೀಳದಂತೆ ಎತ್ತಿಡುತ್ತೇವೆ. ಮಗಳಿಗೆ ಭಿನ್ನರಾಶಿ ಹೇಳಿಕೊಡಲು, ಕರೆಂಟ್ ಬಿಲ್ಲಿನ ಬಗ್ಗೆ ಜಗಳವಾಡಲು ಬಳಸುವ ಕನ್ನಡ ಅಷ್ಟು ಚೆಂದ ಕಾಣದು. ಅಂಚು ಸವೆದಿರುತ್ತದೆ, ಪರಭಾಷೆಯ ಕಲೆ ಹತ್ತಿರುತ್ತದೆ. ಆದರೂ ಅಂಗಡಿಯಲ್ಲಿ ನಡೆಯುವುದು ಆ ಚೀಟಿಯೇ.