ಸ್ಲ್ಯಾಬಿನ ಮೇಲಿನ ಸಂತೆ

2022ರ ಡಿಸೆಂಬರ್ 23, ಶುಕ್ರವಾರ. ಹೈದರಾಬಾದಿನ ನಾಂಪಲ್ಲಿಗೆ ಹತ್ತಿರದ ಗೋಶಾಮಹಲ್‌ನ ಚಾಕ್ನಾವಾಡಿಯಲ್ಲಿ ವಾರದ ಸಂತೆ ನೆರೆದಿತ್ತು. ಮಳೆಗಾಲ ಮುಗಿದು ಎಷ್ಟೋ ದಿನವಾಗಿತ್ತು. ಹಾಡಹಗಲೇ ರಸ್ತೆ ಬಾಯಿಬಿಟ್ಟಿತು. ತರಕಾರಿ ಗಾಡಿ, ಬೈಕು, ಕಾರುಗಳ ಜೊತೆಗೆ ಜನರೂ ಕೆಳಗಿನ ಕೊಳಚೆ ನಾಲೆಗೆ ಬಿದ್ದರು. ಹಲವರು ಗಾಯಗೊಂಡರು. ಅವರು ನೆಲವೆಂದು ನಂಬಿ ನಿಂತಿದ್ದದ್ದು ನಾಲೆಗೆ ಹೊದಿಸಿದ ಹಳೆಯ ಸ್ಲ್ಯಾಬಿನ ಮೇಲೆ.

ಇಂಥ ಸ್ಲ್ಯಾಬ್ ಹೇಗೆ ಹಾಳಾಗುತ್ತದೆ ಎಂಬುದು ಎಂಜಿನಿಯರುಗಳಿಗೆ ಹೊಸ ವಿಷಯವಲ್ಲ. ಕೊಳಚೆಯಿಂದ ಏಳುವ ಹೈಡ್ರೋಜನ್ ಸಲ್ಫೈಡ್ ಹೊರಹೋಗಲು ದಾರಿಯಿಲ್ಲದೆ ಒಳಗೇ ಉಳಿಯುತ್ತದೆ. ಸ್ಲ್ಯಾಬಿನ ತೇವಗೊಂಡ ತಳದಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಗಂಧಕಾಮ್ಲವಾಗಿಸುತ್ತವೆ. ಆಮ್ಲ ಕಾಂಕ್ರೀಟನ್ನು ತಿನ್ನುತ್ತದೆ. ಒಳಗಿನ ಕಂಬಿ ತುಕ್ಕು ಹಿಡಿದು ಉಬ್ಬಿ, ಸುತ್ತಲಿನ ಕಾಂಕ್ರೀಟನ್ನು ಚೆಕ್ಕೆಚೆಕ್ಕೆಯಾಗಿ ಉದುರಿಸುತ್ತದೆ. ಮೇಲೆ ಮಾತ್ರ ಡಾಂಬರು ನುಣ್ಣಗಿರುತ್ತದೆ. ಅದರ ಮೇಲೆ ಇನ್ನೊಂದು ಪದರ ಬಿದ್ದರೆ, ಸೊರಗಿದ ಸ್ಲ್ಯಾಬಿಗೆ ಅದೂ ಭಾರವೇ.

ಸೈಬೀರಿಯಾದ ಸದಾ ಹೆಪ್ಪುಗಟ್ಟಿದ ನೆಲ ಕುಸಿಯುವುದೂ ಆಧಾರ ತಪ್ಪಿದಾಗಲೇ. ಮಂಜುಗಡ್ಡೆ ಹೆಚ್ಚಿರುವ ಕಡೆ ಅದು ಕರಗಿ ಹರಿದುಹೋದರೆ, ಉಳಿದ ಮಣ್ಣು ಆ ಜಾಗ ತುಂಬಲಾರದೆ ನೆಲ ಜಗ್ಗುತ್ತದೆ. ಅಲ್ಲಿನ ಬಟಗೈಯಲ್ಲಿ 1960ರ ದಶಕದಲ್ಲಿ ಕಾಡು ಕಡಿದ ಮೇಲೆ ಶುರುವಾದ ಕುಸಿತ ಈಗ ಸುಮಾರು ಒಂದು ಕಿಲೋಮೀಟರ್ ಉದ್ದದ ಕಂದಕ. ಆದರೆ ಯಾಕುಟ್ಸ್ಕ್ ನಗರದಲ್ಲಿ ಕಟ್ಟಡಗಳನ್ನು ಆಳವಾದ ಕಂಬಗಳ ಮೇಲೆ ನಿಲ್ಲಿಸಿ, ಒಳಗಿನ ಶಾಖ ನೆಲಕ್ಕೆ ತಾಗದಂತೆ ಕೆಳಗೆ ಗಾಳಿಯಾಡಲು ಬಿಡುತ್ತಾರೆ. ಕಾಲಡಿ ಏನಿದೆಯೆಂದು ಅರಿತು ಕಟ್ಟುವ ಆ ಎಚ್ಚರ ನಮ್ಮ ಸ್ಲ್ಯಾಬಿನ ಪದ್ಧತಿಯಲ್ಲಿಲ್ಲ.

ಹಾಗೆಂದು ಹೈದರಾಬಾದಿಗೆ ಆ ಎಚ್ಚರ ಅಪರಿಚಿತವೂ ಅಲ್ಲ. 1908ರ ಮೂಸಿ ನದಿಯ ಪ್ರವಾಹದ ನಂತರ ನಿಜಾಮರು ಕರೆಸಿಕೊಂಡದ್ದು ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನು. ಊರಿನ ಮೇಲ್ಗಡೆ ಜಲಾಶಯ, ಊರೊಳಗೆ ಒಳಚರಂಡಿ ಎಂದು ಅವರು ಮೊದಲು ನೀರಿನ ದಾರಿಯ ಲೆಕ್ಕ ಹಾಕಿದರು. ಆಮೇಲೆ ನಾಲೆಗಳ ಮೇಲೆ ಬಂದ ಸ್ಲ್ಯಾಬುಗಳು ದುರ್ವಾಸನೆ ಮುಚ್ಚಿದವು, ಇಕ್ಕಟ್ಟಾದ ಪೇಟೆಗೆ ಜಾಗ ಕೊಟ್ಟವು. ಅಲ್ಲೇ ಹತ್ತಿರದ ಬೇಗಂಬಜಾರ್ ಪೇಟೆಯ ಸುತ್ತ ಕೈಗಾಡಿ ನಿಲ್ಲಿಸಲು ಪರದಾಡುವವರಿಗೆ ಆ ಜಾಗ ಸಣ್ಣದಲ್ಲ. ಆದರೆ ಮುಚ್ಚಿದ ನಾಲೆಯೊಳಗೆ ಏನಾಗುತ್ತಿದೆ ಎಂದು ನೋಡುವ ದಾರಿಯೂ ಮುಚ್ಚಿಹೋಯಿತು. ಈ ಪದ್ಧತಿಯ ದೊಡ್ಡ ದೋಷ ಅದೇ.

ಚಾಕ್ನಾವಾಡಿಯ ನಾಲೆ 2022ರ ನಂತರವೂ ಕುಸಿದಿದೆ. ಬಿದ್ದ ತುಂಡಿಗಷ್ಟೇ ಹೊಸ ಸ್ಲ್ಯಾಬ್ ಹಾಕಿದರೆ ಅದು ದುರಸ್ತಿಯಾಗದು. ಪಕ್ಕದ ತುಂಡಿಗೂ ಅದೇ ವಯಸ್ಸಾಗಿರುತ್ತದೆ. ಎತ್ತಿ ತೆಗೆಯಬಲ್ಲ ಚಪ್ಪಡಿಗಳು, ಗಾಳಿ ಹೋಗುವ ಕಿಂಡಿಗಳು, ಪ್ರತಿ ಬೇಸಿಗೆಯಲ್ಲಿ ಒಳಗೆ ಕ್ಯಾಮೆರಾ ಇಳಿಸಿ ತಪಾಸಣೆ, ಲಾರಿಗಳಿಗೆ ತೂಕದ ಮಿತಿ, ಇಲ್ಲಿ ಕೆಳಗೆ ನಾಲೆಯಿದೆ ಎಂದು ಹೇಳುವ ಬೋರ್ಡು: ಸಂತೆಗೆ ಬರುವವರಿಗೆ ಇಷ್ಟಾದರೂ ಸಿಗಲೇಬೇಕು.