ಹಳೇ ಪ್ಯಾಡ್ ಕೇಳಿ ಇಸ್ಕೊಳ್ಳಿ

ಬ್ರೇಕ್ ಕೆಲಸ ಮುಗಿದ ಮೇಲೆ ಗ್ಯಾರೇಜಿಗೆ ಹೋದವರು ಬಿಲ್ ನೋಡುತ್ತಾರೆ, ಒಂದಿಷ್ಟು ಚೌಕಾಸಿ ಮಾಡುತ್ತಾರೆ, ದುಡ್ಡು ಕೊಟ್ಟು ಕಾರು ತರುತ್ತಾರೆ. ಬಿಚ್ಚಿ ಹಾಕಿದ ಹಳೇ ಪ್ಯಾಡುಗಳನ್ನು ಕೇಳುವವರು ತೀರಾ ಕಡಿಮೆ. ನನ್ನ ಪ್ರಕಾರ ಆ ನಾಲ್ಕು ತುಂಡುಗಳು ಬಿಲ್ಲಿಗಿಂತ ಹೆಚ್ಚು ನಿಜ ಹೇಳುತ್ತವೆ. ಚಪ್ಪಲಿಯ ಹಿಮ್ಮಡಿ ಯಾವ ಕಡೆ ಸವೆದಿದೆ ಎಂದು ನೋಡಿ ಅದನ್ನು ಮೆಟ್ಟಿದವನ ನಡಿಗೆ ಹೇಳಬಹುದಲ್ಲ, ಇದೂ ಹಾಗೆಯೇ.

ನಮ್ಮ ಆಲ್ಟೊ, ವ್ಯಾಗನಾರ್, ಸ್ಯಾಂಟ್ರೊಗಳಿಗೆಲ್ಲ ಮುಂದೆ ಡಿಸ್ಕ್, ಹಿಂದೆ ಡ್ರಮ್. ಹಳೇ ಅಂಬಾಸಿಡರ್, ಪದ್ಮಿನಿಗಳಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ಮೇ ಇತ್ತು. ಬಿಸಿಯಾದರೆ ಡ್ರಮ್ ಹಿಡಿತ ಬಿಡುತ್ತದೆಂಬುದು ಆಗಿನ ಡ್ರೈವರುಗಳಿಗೆ ಅನುಭವದಿಂದಲೇ ಗೊತ್ತಿತ್ತು. (1953ರ ಲ ಮಾನ್ ರೇಸಿನಲ್ಲಿ ಜಾಗ್ವಾರ್ ಗೆದ್ದದ್ದಕ್ಕೆ ಡಿಸ್ಕ್ ಬ್ರೇಕು ದೊಡ್ಡ ಕಾರಣ. ಡ್ರಮ್ಮಿನವರು ತಿರುವು ಬಹಳ ದೂರವಿರುವಾಗಲೇ ಪೆಡಲ್ ಒತ್ತಬೇಕಾಗಿತ್ತು.) ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ನಿಲ್ಲಿಸುವ ಕೆಲಸದಲ್ಲಿ ಸುಮಾರು ಮುಕ್ಕಾಲು ಪಾಲು ಮುಂದಿನ ಚಕ್ರಗಳದ್ದು. ಹಾಗಾಗಿ ಮೊದಲು ಸವೆಯುವುದೂ ಮುಂದಿನ ಪ್ಯಾಡುಗಳೇ.

ಹೊಸ ಪ್ಯಾಡಿನಲ್ಲಿ ಉಜ್ಜುವ ಪದರ ಸುಮಾರು 10 ಮಿಲಿಮೀಟರ್ ದಪ್ಪ ಇರುತ್ತದೆ. 3 ಮಿಲಿಮೀಟರಿಗೆ ಇಳಿದರೆ ಬದಲಾಯಿಸಬೇಕು. ಇದು ಎಲ್ಲರೂ ಹೇಳುವ ಮಾತು, ಸರಿಯಾದ ಮಾತೂ ಹೌದು. ಆದರೆ ಅಳೆಯುವುದು ಯಾವ ಪ್ಯಾಡನ್ನು? ಚಕ್ರದ ಸಂದಿಯಿಂದ ಟಾರ್ಚ್ ಬಿಟ್ಟು ನೋಡಿದರೆ ಕಾಣುವುದು ಹೊರಗಿನದು ಮಾತ್ರ. ಈ ಕಾರುಗಳ ಕ್ಯಾಲಿಪರಿನಲ್ಲಿ ಪಿಸ್ಟನ್ ಇರುವುದು ಒಳಗಡೆ, ಒಂದೇ. ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಆ ಒತ್ತಡಕ್ಕೆ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನೂ ಎಳೆದು ತರುತ್ತದೆ. ಪಿನ್ನಿನ ಗ್ರೀಸ್ ಒಣಗಿ, ರಬ್ಬರ್ ಹರಿದು, ನೀರು ನುಗ್ಗಿ ತುಕ್ಕು ಹಿಡಿದರೆ ಜಾರುವುದು ನಿಲ್ಲುತ್ತದೆ. ಆಗ ದುಡಿಮೆಯೆಲ್ಲ ಒಳಗಿನ ಪ್ಯಾಡಿನ ತಲೆಗೆ. ಹೊರಗೆ 6 ಮಿಲಿಮೀಟರ್ ನೋಡಿ ಸಮಾಧಾನಪಟ್ಟವರ ಕಾರಿನೊಳಗೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿರಬಹುದು. ಆದ್ದರಿಂದ ಚಕ್ರ ಬಿಚ್ಚದೆ ಮಾಡಿದ ಬ್ರೇಕ್ ತಪಾಸಣೆಯನ್ನು ನಾನು ತಪಾಸಣೆ ಎಂದು ಒಪ್ಪುವುದಿಲ್ಲ.

ಒಳಗಿನ ಪ್ಯಾಡ್ ಮಾತ್ರ ತೆಳ್ಳಗಾಗಿದ್ದರೆ ಪಿನ್ ಇಲ್ಲವೇ ಪಿಸ್ಟನ್ ಮೇಲೆ ಅನುಮಾನ ಪಡಬೇಕು. ಒಂದೇ ಪ್ಯಾಡ್ ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ಸಣ್ಣಗೆ ಓರೆಯಾಗಿ ಸವೆದಿದ್ದರೆ, ಅದು ಕೂರುವ ಜಾಗದಲ್ಲೇ ಧೂಳು, ತುಕ್ಕು ಕಟ್ಟಿ ಸಿಕ್ಕಿಕೊಂಡಿದೆ, ಅಥವಾ ಎರಡರಲ್ಲಿ ಒಂದು ಪಿನ್ ಹಿಡಿದುಕೊಂಡಿದೆ. ಎಡಚಕ್ರದ ಪ್ಯಾಡುಗಳು ತಳ ಕಂಡು ಬಲಚಕ್ರದವು ದಪ್ಪಗೇ ಉಳಿದಿದ್ದರೆ ಒಂದು ಕಡೆಯ ಪಿಸ್ಟನ್ನೋ ರಬ್ಬರ್ ಹೋಸೋ ಕೆಟ್ಟಿರುತ್ತದೆ. ಇಂಥ ಕಾರು ಬ್ರೇಕ್ ಒತ್ತಿದಾಗ ಪಕ್ಕಕ್ಕೆ ಎಳೆಯುತ್ತದೆ. ಪ್ಯಾಡಿನ ಮುಖ ಗಾಜಿನ ಹಾಗೆ ಮಿನುಗುತ್ತಿದ್ದರೆ ವಿಪರೀತ ಕಾದಿದೆ ಎಂದರ್ಥ. ಈ ಯಾವುದನ್ನೂ ನೋಡದೆ ಹೊಸ ಪ್ಯಾಡ್ ತುರುಕಿದರೆ ಅದೂ ಅದೇ ರೀತಿ ಸವೆಯುತ್ತದೆ, ನೀವು ಇನ್ನೊಮ್ಮೆ ದುಡ್ಡು ಕೊಡುತ್ತೀರಿ.

ಸದ್ದಿನ ವಿಷಯ. ಕೆಲವು ಪ್ಯಾಡುಗಳಿಗೆ ಸಣ್ಣದೊಂದು ಉಕ್ಕಿನ ನಾಲಗೆ ಇರುತ್ತದೆ. ಪದರ ಸವೆದಾಗ ಅದು ಡಿಸ್ಕಿಗೆ ತಾಗಿ ಕೀಚಲು ದನಿ ಹೊರಡಿಸುತ್ತದೆ. ಅದನ್ನು ಎಚ್ಚರಿಕೆಯೆಂದೇ ತಿಳಿಯಿರಿ. ರಾತ್ರಿ ಮಳೆಯಲ್ಲಿ ನಿಂತ ಕಾರು ಬೆಳಗ್ಗೆ ಒಂದೆರಡು ಬ್ರೇಕಿಗೆ ಕರಕರ ಎಂದರೆ ಅದು ಡಿಸ್ಕಿನ ಮೇಲಿನ ತೆಳು ತುಕ್ಕು, ಚಿಂತೆ ಬೇಡ. ಗರಗರ ಸದ್ದು ಇಡೀ ದಿನ ಬಂದರೆ ಮಾತ್ರ ಓಡಿಸಬೇಡಿ.

ಮುಂದಿನ ಪ್ಯಾಡ್ ಬದಲಾವಣೆ ಮನೆಯಲ್ಲೇ ಆಗುವ ಕೆಲಸ. ಮಟ್ಟಸ ನೆಲ ಬೇಕು. ಹಿಂದಿನ ಚಕ್ರಕ್ಕೆ ಕಲ್ಲು ಕೊಟ್ಟು, ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ, ಆಮೇಲೆ ಜಾಕ್ ಏರಿಸಿ. ಕಾರಿನ ಜೊತೆ ಬಂದ ಜಾಕನ್ನೇ ನಂಬಿ ಕೈ ಹಾಕಬೇಡಿ, ಸ್ಟ್ಯಾಂಡ್ ಇಡಿ. ಕೆಳಗಿನ ಬೋಲ್ಟ್ ತೆಗೆದು ಕ್ಯಾಲಿಪರನ್ನು ಮೇಲಕ್ಕೆ ಮಡಚಬಹುದು. ಪೂರ್ತಿ ಕಳಚಿದರೆ ತಂತಿಯಲ್ಲಿ ಕಟ್ಟಿ. ರಬ್ಬರ್ ಹೋಸಿನ ಮೇಲೆ ಜೋತುಬಿಟ್ಟರೆ ಹೋಸ್ ಹಾಳಾಗುತ್ತದೆ. ಪಿನ್ನುಗಳನ್ನು ಎಳೆದು ಒರೆಸಿ ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಚ್ಚುವುದನ್ನು ತಪ್ಪಿಸಬೇಡಿ. ಧೂಳನ್ನು ಊದಬಾರದು, ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ಹಳೆಯ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು. ಡಿಸ್ಕಿನ ಮೇಲೆ ಅದರ ಕನಿಷ್ಠ ದಪ್ಪ ಎಷ್ಟಿರಬೇಕೆಂದು ಕೊರೆದಿರುತ್ತಾರೆ. ಅದಕ್ಕಿಂತ ಕಡಿಮೆಯಾಗಿದ್ದರೆ ಲೇತಿಗೆ ಕೊಟ್ಟು ಪ್ರಯೋಜನವಿಲ್ಲ, ಹೊಸದೇ ಹಾಕಬೇಕು.

ಪಿಸ್ಟನ್ನನ್ನು ಹಿಂದಕ್ಕೆ ಒತ್ತುವಾಗ ಬಾನೆಟ್ ತೆರೆದು ಬ್ರೇಕ್ ಆಯಿಲ್ ಡಬ್ಬಿಯ ಮೇಲೊಂದು ಕಣ್ಣಿಡಿ. ಪ್ಯಾಡ್ ಸವೆದಷ್ಟೂ ಪಿಸ್ಟನ್ ಹೊರಗೆ ಬರುತ್ತದೆ, ಡಬ್ಬಿಯಲ್ಲಿ ಮಟ್ಟ ಇಳಿಯುತ್ತದೆ. ಪ್ಯಾಡ್ ನೋಡದೆ ಬರೀ ಆಯಿಲ್ ತುಂಬಿ ಕಳಿಸಿದ್ದರೆ ಈಗ ಅದು ಉಕ್ಕಿ ಸುರಿದು ಬಣ್ಣ ತಿನ್ನುತ್ತದೆ. ಜೋಡಣೆ ಮುಗಿದ ಮೇಲೆ ಕಾರು ಕದಲಿಸುವ ಮೊದಲು ಪೆಡಲ್ ಗಟ್ಟಿಯಾಗುವ ತನಕ ಒತ್ತಿ, ಬಿಡಿ, ಒತ್ತಿ. ಮೊದಲ ಸಲ ಅದು ನೇರ ನೆಲಕ್ಕೆ ಹೋಗುತ್ತದೆ. ಗೇಟಿನ ಹೊರಗೆ ಹೋಗಿ ಅದನ್ನು ಕಲಿಯುವುದು ಬೇಡ. ಮೊದಲ 200–300 ಕಿಲೋಮೀಟರ್ ಮೆಲ್ಲಗೆ, ಒತ್ತಿ ಬಿಡುತ್ತ ಓಡಿಸಿದರೆ ಪ್ಯಾಡು ಡಿಸ್ಕು ಹೊಂದಿಕೊಳ್ಳುತ್ತವೆ. ಒಂದೇ ಚಕ್ರಕ್ಕೆ ಹೊಸದು ಹಾಕಿ ಉಳಿತಾಯ ಮಾಡುವವರಿಗೆ ನನ್ನಲ್ಲಿ ಸಮಾಧಾನದ ಮಾತಿಲ್ಲ.

ಹಿಂದಿನ ಡ್ರಮ್ಮಿನ ಶೂಗಳು ಬಹುಕಾಲ ಬಾಳುತ್ತವೆ. ಅದಕ್ಕೇ ಯಾರೂ ನೋಡುವುದಿಲ್ಲ. ಹ್ಯಾಂಡ್‌ಬ್ರೇಕ್ ಹಿಂದಿಗಿಂತ ಮೇಲಕ್ಕೆ ಎಳೆಯಬೇಕಾಗಿದ್ದರೆ ಬಿಚ್ಚಿಸಿ ನೋಡಿ. ಒಳಗೆ ಜಿಡ್ಡಿನ ತೇವ ಕಂಡರೆ ವೀಲ್ ಸಿಲಿಂಡರ್ ಸೋರುತ್ತಿದೆ. ಮಾರುತಿಗಳಲ್ಲಿ ಡ್ರಮ್ ಬರಲೊಲ್ಲದಿದ್ದರೆ ಸುತ್ತಿಗೆ ಎತ್ತುವ ಅಗತ್ಯವೇ ಇಲ್ಲ. ಅದರ ಮುಖದಲ್ಲಿ ಮರೆ ಇರುವ ಎರಡು ತೂತುಗಳಿವೆ. 8 ಮಿಲಿಮೀಟರ್ ಬೋಲ್ಟುಗಳನ್ನು ಒಂದೊಂದೇ ಸುತ್ತು ಬಿಗಿಯುತ್ತ ಹೋದರೆ ಡ್ರಮ್ ತಾನಾಗಿ ಹೊರಗೆ ಬರುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ನಿಲ್ಲಿಸುವ ಕಾರಿಗೆ ಹ್ಯಾಂಡ್‌ಬ್ರೇಕ್ ಬೇಡ, ಶೂ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಸಮತಟ್ಟು ನೆಲದಲ್ಲಿ ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಕಲ್ಲು ಕೊಟ್ಟರೆ ಸಾಕು.

ಕೊನೆಗೆ ಘಾಟಿ. ಹದಿನಾಲ್ಕು ಹೇರ್‌ಪಿನ್ ತಿರುವುಗಳ ಆಗುಂಬೆಯನ್ನು ನ್ಯೂಟ್ರಲ್‌ನಲ್ಲಿ ಇಳಿದು ಪೆಟ್ರೋಲ್ ಉಳಿಸುವ ಜಾಣರು ಇನ್ನೂ ಇದ್ದಾರೆ. ಅದು ಕಾರ್ಬ್ಯುರೇಟರ್ ಕಾಲದ ಬುದ್ಧಿ. ಈಗಿನ ಇಂಜೆಕ್ಷನ್ ಇಂಜಿನ್ನು ಗೇರಿನಲ್ಲಿ ಇಳಿಯುವಾಗ, ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಧನವನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಅದು ಸುಮ್ಮನೆ ಉರಿಯುತ್ತಿರುತ್ತದೆ. ಕೀಲಿ ತಿರುಗಿಸಿ ಇಂಜಿನ್ ಆರಿಸಿಯೇ ಇಳಿದರಂತೂ ಬೂಸ್ಟರಿನ ನೆರವು ಎರಡು ಮೂರು ಒತ್ತಿಗೇ ಮುಗಿದು ಪೆಡಲ್ ಕಲ್ಲಾಗುತ್ತದೆ. ಯಾವ ಗೇರಿನಲ್ಲಿ ಹತ್ತುತ್ತೀರೋ ಅದರಲ್ಲೇ ಇಳಿಯಬೇಕು. ಇಡೀ ಘಾಟಿ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿದರೆ ಪ್ಯಾಡಿನ ಕಾವು ಬ್ರೇಕ್ ಆಯಿಲಿಗೆ ಏರುತ್ತದೆ. ಹೊಸ ಡಾಟ್ 3 ಆಯಿಲ್ 205 ಡಿಗ್ರಿ ಸೆಲ್ಸಿಯಸ್‌ವರೆಗೂ ಕುದಿಯುವುದಿಲ್ಲ. ಆದರೆ ಅದು ಗಾಳಿಯ ತೇವ ಹೀರುವ ವಸ್ತು. ನೀರು ಸೇರಿದ ಮೇಲೆ 140ರ ಆಸುಪಾಸಿಗೇ ಕುದಿಯಬಹುದು. ಕುದಿದರೆ ಆವಿಯ ಗುಳ್ಳೆ, ಗುಳ್ಳೆ ಬಂದರೆ ಪೆಡಲ್ ಮೆತ್ತಗೆ, ಎಷ್ಟೇ ಹೊಸ ಪ್ಯಾಡ್ ಇದ್ದರೂ ವ್ಯರ್ಥ.

ಮಳೆಗಾಲಕ್ಕೆ ಮುಂಚೆ ಚಾರ್ಮಾಡಿ, ಶಿರಾಡಿಗಳ ಕಡೆ ಹೊರಡುವವರು ಸರ್ವಿಸ್ ಪುಸ್ತಕ ತೆರೆದು ಬ್ರೇಕ್ ಆಯಿಲ್ ಬದಲಾಯಿಸಿದ ತಾರೀಖು ನೋಡಿಕೊಳ್ಳಿ. ಎರಡು ವರ್ಷ ದಾಟಿದ್ದರೆ ಮೊದಲು ಅದನ್ನು ಬದಲಾಯಿಸಿ, ಗಾಳಿ ತೆಗೆಸಿ, ಆಮೇಲೆ ಘಾಟಿ ಇಳಿಯಿರಿ.