ಕಾರಣಿಕ ಸುಳ್ಳಾಗೋದೇ ಇಲ್ಲ, ಯಾಕೆ ಗೊತ್ತಾ?

ಭರತ ಹುಣ್ಣಿಮೆ ಜಾತ್ರೆ ಬಂತು ಅಂದ್ರೆ ನಮ್ಮ ಕಡೆಯವರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಾಲು ಓಡಾಡೋಕೆ ಶುರುವಾಗುತ್ತೆ. ಅದು ಹೂವಿನಹಡಗಲಿ ತಾಲ್ಲೂಕಿನ ಮೈಲಾರದ ಕಾರಣಿಕ. ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲು ಏರಿ ‘ಸದ್ದಲೇ’ ಅಂತಾರೆ. ಅಷ್ಟು ದೊಡ್ಡ ಜನಸಾಗರ ಗಪ್‌ಚುಪ್. ಒಂದೇ ಸಾಲು ನುಡಿದು, ‘ಪರಾಕ್’ ಅಂದು ಮೇಲಿಂದ ಬೀಳ್ತಾರೆ, ಕೆಳಗಿದ್ದವರು ಹಿಡ್ಕೊತಾರೆ. ಮೈಕು, ಪರದೆ ಏನೂ ಬೇಡದ ಇಂಥ ರಂಗಪ್ರಯೋಗ ಕರ್ನಾಟಕದಲ್ಲಿ ಮತ್ತೊಂದು ಹುಡುಕೋದು ಕಷ್ಟ. ಆ ಸಾಲಿನ ಬಗ್ಗೆ ನನ್ನ ತಕರಾರಿಲ್ಲ.

ತಕರಾರು ಇರೋದು ಅದರ ವ್ಯಾಖ್ಯಾನಕಾರರ ಬಗ್ಗೆ. ‘ಕಾರಣಿಕ ಇವತ್ತಿನವರೆಗೂ ಸುಳ್ಳಾಗಿಲ್ಲ’ ಅನ್ನೋದು ಅವರ ಮಂತ್ರ. ಒಂದು ಪರೀಕ್ಷೆ ಮಾಡೋಣ. ನಾನೇ ಒಂದು ಸಾಲು ಕಟ್ತೀನಿ: ‘ಕಟ್ಟಿದ ಬುತ್ತಿ ಮೂರು ದಾರಿಗೆ ಬಿಚ್ಚೀತಲೇ ಪರಾಕ್.’ ಮಳೆ ಚೆನ್ನಾಗಿ ಆಯ್ತಾ? ದಾರಿಹೋಕರಿಗೂ ಹಂಚುವಷ್ಟು ಬೆಳೆ ಅಂತ ಅರ್ಥ. ಬರ ಬಿತ್ತಾ? ಜನ ಬುತ್ತಿ ಕಟ್ಕೊಂಡು ಗುಳೆ ಹೋದ್ರು ಅಂತ ಅರ್ಥ. ಸರ್ಕಾರ ಉರುಳಿತಾ? ಪಕ್ಷ ಮೂರು ಹೋಳಾಯ್ತು. ಏನೂ ಆಗಲಿಲ್ವಾ? ‘ಮುಂದೆ ಆಗುತ್ತೆ, ತಡೀರಿ.’ ಸೋಲುವ ದಾರಿಯೇ ಇಲ್ಲದ ಆಟದಲ್ಲಿ ಗೆದ್ದದ್ದಕ್ಕೆ ಏನು ಬೆಲೆ?

ಇದು ಹಳ್ಳಿಯವರ ಮೂಢನಂಬಿಕೆ ಅಂತ ಮೂಗು ಮುರೀಬೇಡಿ. 1948ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತನ್ನ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಕೊಟ್ಟು, ಆಮೇಲೆ ‘ಇದು ನಿನ್ನದೇ ವರದಿ’ ಅಂತ ಒಬ್ಬೊಬ್ಬರಿಗೂ ಒಂದೊಂದು ಹಾಳೆ ಕೊಟ್ಟ. ಎಷ್ಟು ನಿಖರವಾಗಿದೆ ಅಂತ ಕೇಳಿದ್ದಕ್ಕೆ ಸಿಕ್ಕ ಸರಾಸರಿ ಅಂಕ 5ಕ್ಕೆ 4.26. ಆದ್ರೆ ಎಲ್ಲರ ಕೈಲಿದ್ದದ್ದೂ ಒಂದೇ ಬರಹ! ಅದರ ಬಹುಪಾಲು ಅಂಗಡೀಲಿ ಸಿಗೋ ಜ್ಯೋತಿಷ್ಯದ ಪುಸ್ತಕದಿಂದ ಎತ್ತಿದ್ದು. ಕಾಲೇಜು ಓದಿದ ತಲೆಗಳೂ ಮಸುಕಾದ ಮಾತಿಗೆ ತಮ್ಮದೇ ಅರ್ಥ ತುಂಬಿಕೊಂಡವು. ಆಫೀಸಿನಲ್ಲಿ ‘ಮಾರುಕಟ್ಟೆ ಏರಿಳಿತ ಕಾಣಬಹುದು’ ಅನ್ನೋ ಸ್ಲೈಡಿಗೆ ತಲೆದೂಗುವ ನಾವೇನು ಕಮ್ಮಿ?

ಇನ್ನೊಂದು ತಪ್ಪು ಕಲ್ಪನೆ: ಊರಿನ ರೈತರು ಕಾರಣಿಕ ಕೇಳಿಯೇ ಬಿತ್ತುತ್ತಾರೆ ಅನ್ನೋದು. ಹಗರಿಬೊಮ್ಮನಹಳ್ಳಿ ಕಡೆಯ ನನ್ನ ಸೋದರಮಾವ ಒಂದು ವರ್ಷವೂ ಜಾತ್ರೆ ತಪ್ಪಿಸಿದವನಲ್ಲ. ಆದ್ರೆ ಮೆಕ್ಕೆಜೋಳ ಬಿತ್ತೋದು ಮಳೆ ಬಿದ್ದು ಮಣ್ಣು ಹದವಾದ ಮೇಲೇ. ಕೂಡ್ಲಿಗಿಯ ಶೇಂಗಾ ಹೊಲವಿರಲಿ, ಹರಪನಹಳ್ಳಿ, ಕೊಟ್ಟೂರಿನ ಒಣಭೂಮಿ ಇರಲಿ, ಒಂದು ಬಿತ್ತನೆ ತಪ್ಪಿದ್ರೆ ಬೀಜ, ಗೊಬ್ಬರ, ಸಾಲ ಎಲ್ಲ ತಲೆ ಮೇಲೆ. ಆ ಲೆಕ್ಕ ಅವನಿಗೆ ಗೊತ್ತು. ಅವನಿಗೆ ಕಾರಣಿಕ ಅಂದ್ರೆ ವರ್ಷವಿಡೀ ಚಹಾದಂಗಡೀಲಿ ಬಿಡಿಸೋ ಒಗಟು. ಅದನ್ನ ಹವಾಮಾನ ವರದಿ ಮಾಡಿದ್ದು ಟಿವಿ ಸ್ಟುಡಿಯೋದಲ್ಲಿ ಕೂತವರು, ಮತ್ತು ಫಾರ್ವರ್ಡ್ ಒತ್ತಿದ ನಾವು.

ನಷ್ಟ ಎರಡು ಕಡೆ. ಒಗಟಿನ ರುಚಿ ಕೆಡುತ್ತೆ. ‘ಈ ಸಲ ಮಳೆ ಗ್ಯಾರಂಟಿ’ ಅನ್ನೋ ವ್ಯಾಖ್ಯಾನ ನಂಬಿ ಯಾರಾದ್ರೂ ಒಬ್ಬ ಹೆಚ್ಚು ಸಾಲ ಎತ್ತಿದ್ರೆ, ಅದನ್ನ ತೀರಿಸೋಕೆ ವ್ಯಾಖ್ಯಾನಕಾರ ಬರೋದಿಲ್ಲ.

ಹಾಗಾಗಿ ಮುಂದಿನ ಸಲ ಯಾರಾದ್ರೂ ಅರ್ಥ ಹೇಳಿದ್ರೆ ಮೂರು ಕೆಲಸ ಮಾಡಿ. ಅದನ್ನ ತಾರೀಖು ಸಮೇತ ಬರೆದಿಡಿ. ಏನಾದ್ರೆ ನಿಮ್ಮ ಅರ್ಥ ತಪ್ಪು ಅಂತ ಒಪ್ಕೋತೀರಿ ಅಂತ ಕೇಳಿ. ವರ್ಷ ಮುಗಿದ ಮೇಲೆ ಹೊಂದಿದ್ದಷ್ಟೇ ಅಲ್ಲ, ಹೊಂದದ್ದನ್ನೂ ಎಣಿಸಿ. ಎರಡನೇ ಪ್ರಶ್ನೆಗೇ ಬಹಳ ಮಂದಿ ಸುಮ್ಮನಾಗ್ತಾರೆ, ‘ಸದ್ದಲೇ’ ಅನ್ನೋದೂ ಬೇಕಾಗಲ್ಲ.